ಮೂರು ಮನೆಯ ಅಜ್ಜಿ ಸತ್ತಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರುವುದು ಆಮೇಲೆ ಇದ್ದೇ ಇದೆ: ನನ್ನ ಅಜ್ಜಿ ಸತ್ತಿಲ್ಲ. ಅವಳು ಸತ್ತಳೆಂದು ಪತ್ರಿಕೆಯಲ್ಲಿ ಓದಿದವರು, ಓದಿ ಕಣ್ಣೊರೆಸಿಕೊಂಡವರು, ಸಂಪಾದಕರಿಗೆ ಸಂತಾಪದ ಕಾಗದ ಬರೆದವರು, ಎಲ್ಲರೂ ದಯವಿಟ್ಟು ಆ ಕಣ್ಣೀರನ್ನು ವಾಪಸು ತೆಗೆದುಕೊಳ್ಳಿ. ನಿಮಗೆ ತಲುಪಿದ್ದು ಮುಕ್ಕಾಲು ಸುದ್ದಿ. ಉಳಿದ ಕಾಲು ನನ್ನ ಮೇಜಿನ ಮೇಲೇ ಉಳಿಯಿತು.

ಅಜ್ಜಿ ಎಂದರೆ ನನ್ನ ತಾಯಿಯ ತಾಯಿಯಲ್ಲ. ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ದಿನಭವಿಷ್ಯಕ್ಕೂ ಪದಬಂಧಕ್ಕೂ ನಡುವೆ ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಬಂದು ಕೂರುತ್ತಿದ್ದ ಅಜ್ಜಿ. ನಾನು ಬರೆಯುತ್ತಿದ್ದ ಚಿತ್ರಹಾಸ್ಯದ ಅಜ್ಜಿ. ದಿನಕ್ಕೆ ಮೂರೇ ಚೌಕ. ಪತ್ರಿಕೆಯವರು ಅದನ್ನು ಪ್ಯಾನೆಲ್ ಎನ್ನುತ್ತಾರೆ. ಚೌಕಾಬಾರ ಆಡಿ ಬೆಳೆದ ನನಗೆ ಗೆರೆ ಎಳೆದ ಚೌಕ ಎಂದರೆ ಮನೆ. ಹಾಗಾಗಿ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಅದು ಮೂರು ಮನೆ, ಅವಳು ಮೂರು ಮನೆ ಅಜ್ಜಿ.

ಅವಳನ್ನು ಬರೆಯುವುದು ಕಷ್ಟವಲ್ಲ. ಒಂದು ತುರುಬು, ಒಂದು ಮೂಗುಬೊಟ್ಟು, ಒಂದು ಮೊಣಕಾಲು ಎತ್ತಿ ಕೂತ ಭಂಗಿ, ಸೊಂಟದಲ್ಲಿ ಎಲೆ ಅಡಿಕೆ ಸಂಚಿ. ಹತ್ತು ಹನ್ನೆರಡು ಗೆರೆಗೆ ಅಜ್ಜಿ ಕೂತುಬಿಡುತ್ತಾಳೆ. ಬಾಯಿ ಬರೆಯುವುದಿಲ್ಲ, ತಾಂಬೂಲ ಒತ್ತರಿಸಿದ ಕೆನ್ನೆಯನ್ನು ಬರೆದರೆ ಬಾಯಿ ತಾನಾಗಿ ಕಾಣುತ್ತದೆ. ಹೆಸರನ್ನಂತೂ ಇಟ್ಟೇ ಇಲ್ಲ. ನಮ್ಮ ಕಡೆ ಅಜ್ಜಿಯನ್ನು ಹೆಸರು ಹಿಡಿದು ಕೂಗುವವರು ಯಾರಿದ್ದಾರೆ? ರೇಷನ್ ಅಂಗಡಿಯವನೊಬ್ಬ. ಅವನೂ ಕಾರ್ಡು ನೋಡಿಕೊಂಡೇ ಕೂಗಬೇಕು.

ನಾನು ಪಿರಿಯಾಪಟ್ಟಣದ ಕಡೆಯ ಹುಡುಗಿ. ಗಾವಡಗೆರೆ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದೆ, ರಂಗೋಲಿ ಚೆನ್ನಾಗಿ ಬಿಡುತ್ತೇನೆ ಎಂಬುದೊಂದೇ ನನ್ನ ಕೀರ್ತಿ. ಒಂದು ದಿನ ಬಿಳಿಕೆರೆಯಲ್ಲಿ ಅಕ್ಕನ ಮನೆಗೆ ಹೋಗಿ ವಾಪಸಾಗುವಾಗ ಒಂದಲ್ಲ, ಎರಡಲ್ಲ, ಮೂರು ಬಸ್ಸು ಕೈ ತೋರಿಸಿದರೂ ನಿಲ್ಲದೆ ಹೋದವು. ಸಿಟ್ಟಿಗೆ ಪತ್ರಿಕೆಯ ವಾಚಕರ ವಾಣಿಗೆ ಬರೆಯೋಣವೆಂದು ಕೂತೆ. 'ಮಾನ್ಯರೇ' ಎಂದು ಬರೆದ ಮೇಲೆ ಮುಂದೆ ಹೋಗಲಿಲ್ಲ. ನನಗೆ ಮಾತು ಗೊತ್ತಿತ್ತು, ಮಾನ್ಯರ ಮಾತು ಗೊತ್ತಿರಲಿಲ್ಲ. ಹಾಗಾಗಿ ದೂರನ್ನು ಚಿತ್ರದಲ್ಲೇ ಬರೆದೆ. ಮೊದಲ ಮನೆಯಲ್ಲಿ ಹೆಂಗಸರೆಲ್ಲ ಕೈ ಚಾಚಿದ್ದಾರೆ. ಎರಡನೇ ಮನೆಯಲ್ಲಿ ಬರೀ ಧೂಳು. ಮೂರನೇ ಮನೆಯಲ್ಲಿ ಅಜ್ಜಿಯೊಬ್ಬಳು ರಸ್ತೆಯ ನಟ್ಟನಡುವೆ ಕೂತು, ಸಂಚಿ ಬಿಚ್ಚಿ, ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ. ಅವಳ ಮುಂದೆ ಬಸ್ಸು ಉಸಿರು ಕಟ್ಟಿ ನಿಂತಿದೆ.

ವಾರ ಕಳೆದು ಊರಿನ ಅಂಗಡಿಯ ಫೋನಿಗೆ ಮೈಸೂರಿನಿಂದ ಕರೆ ಬಂತು. ಆಗಿನ ಸಂಪಾದಕರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ಒಂದೇ ಪ್ರಶ್ನೆ ಕೇಳಿದರು.

"ಏನಮ್ಮಾ, ಈ ಅಜ್ಜಿ ನಾಳೆ ಏನು ಮಾಡ್ತಾಳೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಇಪ್ಪತ್ತು ವರ್ಷ ಕಳೆಯಿತು.

ಆ ಕಾಲದಲ್ಲಿ ಚಿತ್ರಗಳು ಬಸ್ಸಿನಲ್ಲಿ ಹೋಗುತ್ತಿದ್ದವು. ವಾರದ ಚಿತ್ರಗಳನ್ನೆಲ್ಲ ಒಂದು ಕವರಿಗೆ ಹಾಕಿ, ಹುಣಸೂರಿನಿಂದ ಹೊರಡುವ ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ, ಮೈಸೂರಿನಲ್ಲಿ ಪತ್ರಿಕೆಯ ಜವಾನರು ಬಂದು ಇಳಿಸಿಕೊಳ್ಳುತ್ತಿದ್ದರು. ಕವರಿಗೆ ನಾನು ಅಂಟು ಹಚ್ಚುತ್ತಿರಲಿಲ್ಲ. ಹಚ್ಚಿದರೆ ಕಂಡಕ್ಟರಿಗೆ ಬೇಜಾರು. ಬಿಳಿಕೆರೆ ದಾಟುವಷ್ಟರಲ್ಲಿ ಮುಂದಿನ ಸೀಟಿನವರೆಲ್ಲ ವಾರದ ಅಜ್ಜಿಯನ್ನು ಓದಿ ಮುಗಿಸಿರುತ್ತಿದ್ದರು. ಊರಿಗೆಲ್ಲ ಮಂಗಳವಾರ ಕಾಣುವ ಅಜ್ಜಿ ಅವರಿಗೆ ಶನಿವಾರವೇ ದರ್ಶನ ಕೊಡುತ್ತಿದ್ದಳು. ಈಗ ಫೋನಿನಲ್ಲಿ ಫೋಟೋ ತೆಗೆದು ಕಳಿಸುತ್ತೇನೆ. ಬೇಗ ತಲುಪುತ್ತದೆ, ನಡುದಾರಿಯಲ್ಲಿ ನಗುವವರಿಲ್ಲ.

ಚಿತ್ರ ನನ್ನದು. ಮಾತು ನನ್ನದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮಾತು ಹೊಗೆಸೊಪ್ಪಿನ ಚಪ್ಪರದ್ದು. ನಮ್ಮ ಕಡೆಯ ಬೆಳೆ ಅದು. ಮಳೆಗಾಲದಲ್ಲಿ ಗಂಡಸರು ಹೊಲದಿಂದ ಸೊಪ್ಪು ಮುರಿದು ತಂದು ಹಾಕುತ್ತಾರೆ, ಹೆಂಗಸರು ಚಪ್ಪರದಡಿ ಸಾಲಾಗಿ ಕೂತು, ಕವೆಯ ಮೇಲೆ ಉದ್ದನೆಯ ಕಡ್ಡಿ ಇಟ್ಟು, ಎಲೆಗಳನ್ನು ದಾರದಲ್ಲಿ ಸುತ್ತಿ ಆ ಕಡೆ ಈ ಕಡೆ ಇಳಿಬಿಟ್ಟು ಕಟ್ಟುತ್ತಾರೆ. ಆಮೇಲೆ ಆ ಕಡ್ಡಿಗಳು ಬೇಯಲು ಬ್ಯಾರನ್ನಿಗೆ, ಅಂದರೆ ಬಿಸಿಗಾಳಿಯಲ್ಲಿ ಸೊಪ್ಪು ಒಣಗಿಸುವ ಕೋಣೆಗೆ, ಹೋಗುತ್ತವೆ. ಕೈಗೆಲ್ಲ ಕಪ್ಪು ಅಂಟು. ಆ ಅಂಟಿನ ಕೈಯಲ್ಲಿ ಫೋನು ಮುಟ್ಟುವ ಹಾಗಿಲ್ಲ, ಟೀವಿ ಹಚ್ಚುವ ಹಾಗಿಲ್ಲ. ಬಿಡುವಾಗಿರುವುದು ಬಾಯಿ ಒಂದೇ. ಆ ಚಪ್ಪರದಲ್ಲಿ ಹುಟ್ಟದ ಗಾದೆ ಇಲ್ಲ, ಬಿಚ್ಚದ ಸಂಸಾರ ಇಲ್ಲ.

ನಾನು ಚಿತ್ರ ಬರೆದ ಮೇಲೆ ಆ ಸಾಲಿನ ಎದುರು ಕೂತು, ಗಟ್ಟಿಯಾಗಿ ಓದುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿಸಿಲ್ಲ. ಸೊಪ್ಪಿನ ಕಾಲವಲ್ಲದಿದ್ದರೆ ಅದೇ ಹೆಂಗಸರು ಎಲ್ಲಿ ಅವರೆಕಾಯಿ ಸುಲಿಯುತ್ತಿರುತ್ತಾರೋ ಅಲ್ಲಿ. ಸರಿಯಿದ್ದರೆ ನಗುತ್ತಾರೆ. ಇಲ್ಲದಿದ್ದರೆ ಸುಮ್ಮನೆ ದಾರ ಎಳೆಯುತ್ತಾರೆ. ದಾರದ ಸದ್ದು ಕೇಳಿದರೆ ನಾನು ಎದ್ದು ಹೋಗಿ ಮತ್ತೆ ಬರೆದು ತರುತ್ತೇನೆ. ಆ ಸಾಲಿನ ಯಜಮಾನಿ ನನ್ನ ಅತ್ತೆ. ಎಂಬತ್ತು ದಾಟಿದೆ, ಕಟ್ಟಲು ಕೈ ಬರುವುದಿಲ್ಲ, ಗೋಡೆಗೆ ಒರಗಿ ಕೂತು ಕಟ್ಟುವವರ ತಪ್ಪು ಹಿಡಿಯುತ್ತಾರೆ. ಮೂರೇ ಮನೆ ಯಾಕೆ, ನಾಲ್ಕು ಐದು ಬರೆಯಬಾರದಾ ಎಂದು ಮೊದಮೊದಲು ನಾನು ಕೇಳಿದಾಗ ಅವರು ಹೇಳಿದ್ದು ಇಂದಿಗೂ ನನ್ನ ಕಸುಬಿನ ಕಾಯಿದೆ. "ಮಾತು ಅನ್ನದು ಎಲೆ ಅಡಿಕೆ ಇದ್ದಂಗೆ ಕಣವ್ವ. ಮೂರ್ಸಲ ಅಗುದ್ರೆ ರಸ. ನಾಕ್ನೇ ಸಲಕ್ಕೆ ಸಿಪ್ಪೆ."

ಅಜ್ಜಿಯ ಮೂಗು, ಕೂರುವ ಭಂಗಿ, ಬೈಯುವ ಮುಂಚೆ ಒಂದು ಕ್ಷಣ ಆಕಾಶ ನೋಡುವ ಅಭ್ಯಾಸ, ಎಲ್ಲವೂ ಅತ್ತೆಯದೇ. ಇದು ಊರಿಗೆ ಗೊತ್ತು, ಅತ್ತೆಗೂ ಗೊತ್ತು. ಸಂತೆಯಲ್ಲಿ ಯಾರಾದರೂ ಮೂರು ಮನೆ ಅಜ್ಜಿ ಬಂದಳು ಎಂದರೆ, ಕೇಳಿಸಲಿಲ್ಲ ಎಂಬಂತೆ ಸೆರಗು ಸರಿಮಾಡಿಕೊಂಡು ಇನ್ನೊಂದು ಸುತ್ತು ಹಾಕಿ ಬರುತ್ತಾರೆ.

ಈಗ ಕಾಗೆಯ ವಿಷಯಕ್ಕೆ ಬರುತ್ತೇನೆ.

ಹೋದ ಮಳೆಗಾಲ, ಸೊಪ್ಪಿನ ಕೆಲಸ ಜೋರಾಗಿದ್ದಾಗ, ಚಪ್ಪರದಲ್ಲಿ ಯಾರೋ ಹಳೆಯ ಕಥೆ ತೆಗೆದರು. ಕಾಗೆ ಬಂದು ತಲೆಗೆ ಬಡಿದರೆ ಆ ಮನುಷ್ಯನಿಗೆ ಗಂಡಾಂತರ ಎಂದು ನಮ್ಮ ಕಡೆ ನಂಬಿಕೆ. ಅದನ್ನು ಕಳೆಯುವ ದಾರಿಯೂ ಇದೆ. ದೂರದ ನೆಂಟರಿಗೆ, ಇಂಥವರು ತೀರಿಕೊಂಡರು ಎಂದು ಸುಳ್ಳು ಸುದ್ದಿ ಹೇಳಿ ಕಳಿಸಬೇಕು. ಅವರು ನಿಜವೆಂದೇ ಅಳಬೇಕು. ಸಾವಿಗೆ ಸಲ್ಲಬೇಕಾದ ಅಳು ಸಂದುಹೋಯಿತಲ್ಲ, ಸಾವು ಅಷ್ಟಕ್ಕೇ ತಣ್ಣಗಾಗಿ ಹೊರಟುಹೋಗುತ್ತದೆ. ಆದರೆ ಮಾರನೆಯ ದಿನ, ಇಲ್ಲ, ಬದುಕಿದ್ದಾರೆ ಎಂಬ ಎರಡನೇ ಸುದ್ದಿ ಹೋಗಲೇಬೇಕು. ಅದು ಹೋಗದಿದ್ದರೆ ಮೊದಲನೆಯದೇ ನಿಂತುಬಿಡುತ್ತದೆ. ಹೀಗೆ ಅತ್ತೆಯ ಕಾಲದವರ ಲೆಕ್ಕ.

ಇದಕ್ಕಿಂತ ಒಳ್ಳೆಯ ಕಥೆ ನನಗೆ ಬೇಕೇ? ನಾಲ್ಕು ದಿನಕ್ಕೆ ಹಬ್ಬಿಸಿದೆ. ಮೊದಲ ದಿನ, ಹುರುಳಿ ಒಣಗಲು ಹಾಕುತ್ತಿದ್ದ ಅಜ್ಜಿಯ ತುರುಬಿಗೆ ಕಾಗೆ ಬಡಿಯಿತು. ಎರಡನೇ ದಿನ, ಮನೆಯವರೆಲ್ಲ ಗುಸುಗುಸು ಮಾತಾಡಿ ಒಬ್ಬನನ್ನು ಬಸ್ಸು ಹತ್ತಿಸಿದರು. ಮೂರನೇ ದಿನ, ಅಜ್ಜಿ ಹೋದಳಂತೆ ಎಂದು ನೆಂಟರು ಎದೆ ಬಡಿದುಕೊಂಡು ಅತ್ತರು. ಕೊನೆಯ ಮನೆಯಲ್ಲಿ ಬರೀ ಖಾಲಿ ಜಗಲಿ, ಮೇಲೆ ಎಲೆ ಅಡಿಕೆ ಸಂಚಿ. ನಾಲ್ಕನೇ ದಿನ ಅಜ್ಜಿ ಸ್ವತಃ ನೆಂಟರ ಬಾಗಿಲಿಗೆ ಹೋಗಿ, ಅತ್ತು ಊದಿದ ಮುಖಗಳನ್ನು ಒಂದೊಂದಾಗಿ ನೋಡಿ, ಇಷ್ಟೇನಾ ಅತ್ತಿದ್ದು ಎಂದು ಕೇಳುತ್ತಾಳೆ.

ಚಪ್ಪರದಲ್ಲಿ ಓದಿದೆ. ನಕ್ಕರು. ಎರಡನೇ ದಿನದ ಚಿತ್ರದಲ್ಲಿ ಇದು ಸುಳ್ಳು ಸುದ್ದಿ ಎಂದು ಒಂದು ಮಾತು ಸೇರಿಸಲೇ ಎಂದು ನಾನೇ ಕೇಳಿದೆ. ಎಲ್ಲರ ಕೈಯೂ ನಿಂತಿತು. ಸುಳ್ಳು ಎಂದು ಮೊದಲೇ ಹೇಳಿದರೆ ಅಳುವವರು ಅಳುತ್ತಾರೆಯೇ, ಅಳದಿದ್ದರೆ ಗಂಡಾಂತರ ಕಳೆಯುತ್ತದೆಯೇ ಎಂದು ಅತ್ತೆ ದಬಾಯಿಸಿದರು. ನ್ಯಾಯವಾದ ಮಾತು. ಒಂದಕ್ಷರವೂ ಸೇರಿಸದೆ ನಾಲ್ಕು ದಿನದ್ದನ್ನೂ ಒಟ್ಟಿಗೆ ಕಳಿಸಿದೆ. ಪತ್ರಿಕೆ ಓದುವವರೆಲ್ಲ ಕಾಗೆಯ ಕಟ್ಟಳೆ ಬಲ್ಲವರೇ ಎಂದು ನಂಬಿದ್ದೆ. ತಪ್ಪು ನನ್ನದೇ, ನಮ್ಮ ಚಪ್ಪರದ್ದೇ.

ಹಳೆಯ ಸಂಪಾದಕರು ನಿವೃತ್ತರಾಗಿ ವರ್ಷಗಳಾಗಿದ್ದವು. ಅವರ ಜಾಗಕ್ಕೆ ಬಂದವರಲ್ಲಿ ಈಗಿನವರು ಮೂರನೆಯವರು, ನನಗಿಂತ ಚಿಕ್ಕವರು, ಓದಿಕೊಂಡವರು, ಕೆಟ್ಟವರೇನಲ್ಲ. ಪುಟವನ್ನು ಹೊಸದು ಮಾಡಬೇಕೆಂಬ ಉತ್ಸಾಹ. ಈ ಅಜ್ಜಿಗೆ ವಯಸ್ಸಾಯಿತಲ್ಲ ಮೇಡಂ ಎಂದು ಆಗಾಗ ನಗುತ್ತ ಹೇಳುತ್ತಿದ್ದರು. ಅಜ್ಜಿಗೆ ವಯಸ್ಸಾಗದೆ ಇನ್ನಾರಿಗೆ ಆಗಬೇಕು ಎಂದು ನಾನೂ ನಗುತ್ತಲೇ ಹೇಳುತ್ತಿದ್ದೆ.

ಮೂರನೇ ದಿನದ ಚಿತ್ರ ಅಚ್ಚಾದ ಬೆಳಗ್ಗೆ ಅವರೇ ಫೋನು ಮಾಡಿದರು.

"ಮೇಡಂ, ಎಂಥಾ ಎಂಡಿಂಗ್ ಕೊಟ್ಟುಬಿಟ್ರಿ. ಆಫೀಸಲ್ಲಿ ಎಲ್ಲರ ಕಣ್ಣಲ್ಲೂ ನೀರು."

ಅದು ಎಂಡಿಂಗ್ ಅಲ್ಲ ಸಾರ್, ನಾಳೆದು ಕಳಿಸಿದ್ದೀನಲ್ಲ ಎಂದೆ. ನೋಡಿದೆ ಎಂದರು. ಆದರೆ ಅದು ಸಾವಿನ ತೂಕವನ್ನೇ ಇಳಿಸಿಬಿಡುತ್ತದೆಯಂತೆ. ಖಾಲಿ ಜಗಲಿ, ಮೇಲೊಂದು ಸಂಚಿ, ಅದಕ್ಕಿಂತ ದೊಡ್ಡ ಮಾತಿಲ್ಲವಂತೆ. ಬೆಳಗಿನಿಂದ ಸಂತಾಪದ ಫೋನುಗಳು, ಮೆಸೇಜುಗಳು ಬರುತ್ತಲೇ ಇವೆಯಂತೆ. ಇಪ್ಪತ್ತು ವರ್ಷದ ಅಜ್ಜಿಗೆ ಇದಕ್ಕಿಂತ ಗೌರವದ ವಿದಾಯ ಬೇಕೆಂದರೂ ಸಿಗುವುದಿಲ್ಲವಂತೆ. ನಾನು ಕಾಗೆಯ ವಿಷಯ ಬಿಡಿಸಿ ಹೇಳಿದೆ. ಅವರು ಬಹಳ ಆಸಕ್ತಿಯಿಂದ ಕೇಳಿಸಿಕೊಂಡು, ಚೆನ್ನಾಗಿದೆ ಮೇಡಂ, ಇದರ ಮೇಲೊಂದು ಲೇಖನ ಬರೆದುಕೊಡಿ ಎಂದರು.

ಮಾರನೆಯ ದಿನ ದಿನಭವಿಷ್ಯಕ್ಕೂ ಪದಬಂಧಕ್ಕೂ ನಡುವೆ ಕನ್ನಡಕ ಹಾಕಿದ ಒಂದು ಬೆಕ್ಕು ಲ್ಯಾಪ್‌ಟಾಪಿನ ಮುಂದೆ ಕೂತಿತ್ತು.

ನನ್ನ ಹೊಟ್ಟೆ ಉರಿದದ್ದು ಇರಲಿ. ಅತ್ತೆ ಓದುವವರಲ್ಲ, ಚಿತ್ರ ನೋಡುವವರು. ಪತ್ರಿಕೆ ಬಿಚ್ಚಿ, ಬೆಕ್ಕನ್ನು ನೋಡಿ, ಪುಟ ಮಗುಚಿ ಹಿಂದೆ ನೋಡಿ, ಮಡಿಸಿ ಪಕ್ಕಕ್ಕಿಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮಧ್ಯಾಹ್ನ ಮುದ್ದೆ ಮುರಿದರು, ತಿನ್ನಲಿಲ್ಲ.

"ನನ್ನ ಮಲಗ್ಸಿದ್ದೀಯೆ, ಸರಿ. ಎಬ್ಬುಸ್ದೆ ಅಂಗೇ ಬುಟ್ಟಿದ್ದೀಯಲ್ಲವ್ವ. ಯಾರಾದ್ರೂ ಇಂಗೆ ಮಾಡ್ತಾರಾ?"

ಅದು ನೀವಲ್ಲ, ಚಿತ್ರದ ಅಜ್ಜಿ ಎಂದೆ. ಹೇಳುವಾಗಲೇ ಆ ಮಾತು ನನಗೇ ಹಿಡಿಸಲಿಲ್ಲ. ಇಪ್ಪತ್ತು ವರ್ಷ ಅವರ ಮೂಗು, ಅವರ ಮಾತು, ಅವರ ಬೈಗುಳ ತೆಗೆದುಕೊಂಡು ಬದುಕಿದವಳು, ಈಗ ಸಾವು ಬಂದಾಗ ಅದು ನೀವಲ್ಲ ಎನ್ನುವುದೇ? ಅತ್ತೆ ಎಂದಿನಂತೆ ಆಕಾಶ ನೋಡಿದರು, ಆದರೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಕೆ.ಆರ್. ನಗರದಿಂದ ಅತ್ತೆಯ ತಂಗಿಯ ಫೋನು. ನನಗೆ ಚಿಕ್ಕತ್ತೆ. ಅವರ ಊರಿನ ಹಾಲಿನ ಡೇರಿಗೆ ಪತ್ರಿಕೆ ಬರುತ್ತದೆ, ಅಲ್ಲೇ ಯಾರಿಂದಲಾದರೂ ಓದಿಸಿಕೊಳ್ಳುತ್ತಾರೆ.

"ಸುದ್ದಿ ಅಂದ್ಮೇಲೆ ಅಳ್ಬೇಕಲ್ಲ ಕಣಮ್ಮಿ. ಡೇರಿ ಮುಂದೆ ಕುಂತ್ಕಂಡು ಚೆನ್ನಾಗಿ ಅತ್ತುಬುಟ್ಟೆ. ಕ್ಯಾನು ಕೆಳಗಿಟ್ಟು ನಾಕು ಜನ ಸಮಾಧಾನ ಮಾಡುದ್ರು. ಇವತ್ತು ನೋಡುದ್ರೆ ಯಾವ್ದೋ ಬೆಕ್ಕು ಕುಂತದೆ. ನಮ್ಮಕ್ಕ ಎಲ್ಲಿ?"

ಅಕ್ಕ ಇಲ್ಲೇ ಇದ್ದಾರೆ, ಮಾತಾಡಿ ಎಂದು ಕೊಡಹೋದೆ. ಚಿಕ್ಕತ್ತೆ ಬೇಡವೆಂದರು. ಸುಳ್ಳು ಯಾವ ದಾರಿಯಲ್ಲಿ ಬಂತೋ ನಿಜವೂ ಅದೇ ದಾರಿಯಲ್ಲಿ ಬರಬೇಕಂತೆ. ಪೇಪರಿನಲ್ಲಿ ಸತ್ತವಳು ಪೇಪರಿನಲ್ಲೇ ಏಳಬೇಕಂತೆ.

ಎರಡು ದಿನ ತಡೆದು ಮೈಸೂರಿಗೆ ಹೊರಟೆ. ಆಫೀಸಿನಲ್ಲಿ ಕಾಫಿ ಕೊಟ್ಟರು, ಗೌರವದಿಂದ ಕೂರಿಸಿದರು, ಸಂತಾಪದ ಕಾಗದಗಳ ಕಟ್ಟು ತೋರಿಸಿದರು. ನಿಜಕ್ಕೂ ದೊಡ್ಡ ಕಟ್ಟು. ಒಬ್ಬ ನಿವೃತ್ತ ಮೇಷ್ಟರು ನಾಲ್ಕು ಪುಟ ಬರೆದಿದ್ದರು. ಆಮೇಲೆ ಸಂಪಾದಕರು ಒಂದು ಮಾತು ಮುಂದಿಟ್ಟರು. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ, ಬಣ್ಣದಲ್ಲಿ. ಶೀರ್ಷಿಕೆಯೂ ತಯಾರಿತ್ತು: 'ಸ್ವರ್ಗದಲ್ಲಿ ಅಜ್ಜಿ'. ಮೋಡದ ಮೇಲೆ ಕೂತು ಅಜ್ಜಿ ನಮ್ಮ ಕಾಲವನ್ನು ನೋಡಿ ಒಂದು ಮಾತು ಹೇಳುವುದು. ವಾರಕ್ಕೊಂದೇ ಚಿತ್ರ, ನಿಮಗೂ ಆರಾಮ.

ಸುಳ್ಳು ಯಾಕೆ ಹೇಳಲಿ, ಬಣ್ಣ ಎಂದಾಗ ನನ್ನ ಜೀವ ಒಮ್ಮೆ ಹಾರಿತು. ಇಪ್ಪತ್ತು ವರ್ಷ ಕಪ್ಪು ಬಿಳುಪಿನಲ್ಲಿ ಬರೆದವಳು ನಾನು. ಅಜ್ಜಿಯ ಸೀರೆ ಯಾವ ಬಣ್ಣ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಗೊತ್ತು ಮಾಡಿಕೊಂಡಿದ್ದೆ: ಬದನೆಕಾಯಿ ಬಣ್ಣ, ಹಳದಿ ಅಂಚು. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಆ ಸೀರೆ ಮೋಡದ ಮೇಲೆ ಹರಡಿಕೊಂಡದ್ದೂ ಕಂಡಿತು. ಆಮೇಲೆ ಮುರಿದಿಟ್ಟ ಮುದ್ದೆ ಕಂಡಿತು.

ಸ್ವರ್ಗದಲ್ಲಿ ಎಲೆ ಅಡಿಕೆ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಸಾರ್, ಗೊತ್ತಿಲ್ಲದ ಊರನ್ನು ನಾನು ಬರೆಯುವುದಿಲ್ಲ ಎಂದೆ. ಅವರು ನಕ್ಕು, ಸತ್ತವಳನ್ನು ಎಬ್ಬಿಸಿದರೆ ಪತ್ರಿಕೆ ಸುಳ್ಳು ಸುದ್ದಿ ಹಾಕಿತು ಎಂದು ಜನ ಬೈಯುತ್ತಾರೆ, ಅತ್ತವರಿಗೆ ಅವಮಾನವಾಗುತ್ತದೆ ಎಂದರು.

"ಸುದ್ದಿ ತಪ್ಪಾದ್ರೆ ಮಾರನೇ ದಿನ ತಿದ್ದುಪಡಿ ಅಂತ ಹಾಕ್ತೀರಲ್ಲ ಸಾರ್. ಆ ಮೂಲೆಯಲ್ಲೇ ಹಾಕಿ. ನಮ್ಮಜ್ಜಿಗೆ ಅಷ್ಟು ಜಾಗ ಸಾಕು."

ಈ ಸಲ ಅವರು ನಗಲಿಲ್ಲ. ಅಜ್ಜಿ ಪತ್ರಿಕೆಯಲ್ಲಿ ಬೆಳೆದವಳು, ಅವಳ ಬಗ್ಗೆ ತೀರ್ಮಾನ ಮಾಡುವ ಹಕ್ಕು ಪತ್ರಿಕೆಗೂ ಇದೆ, ಅವಳ ಹೆಸರಿನಲ್ಲಿ ಬೇರೆ ಕಡೆ ಬರೆಯುವ ಮುಂಚೆ ನೀವು ಯೋಚಿಸಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು. ಅವಳಿಗೆ ಹೆಸರೇ ಇಟ್ಟಿಲ್ಲ ಸಾರ್ ಎಂದು ಎದ್ದೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ಕಾಣೆ. ಮೆಟ್ಟಿಲು ಇಳಿದೆ. ಇಪ್ಪತ್ತು ವರ್ಷ ಹತ್ತಿಳಿದ ಮೆಟ್ಟಿಲು ಅದು, ಇನ್ನು ಹತ್ತುವುದಿಲ್ಲವೇನೋ ಎಂಬ ದುಃಖವೂ ಇತ್ತು. ಆದರೂ ತಿರುಗಿ ನೋಡಲಿಲ್ಲ.

ಹುಣಸೂರಿನಲ್ಲಿ ಇಳಿದವಳೇ ಜೆರಾಕ್ಸ್ ಅಂಗಡಿಗೆ ಹೋದೆ. ನಾಲ್ಕನೇ ದಿನದ ಚಿತ್ರ ಚೀಲದಲ್ಲೇ ಇತ್ತು. ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಮಾಡಿಕೊಡಿ ಎಂದೆ. ಅಂಗಡಿಯವರು ಮೆಷಿನ್ನಿನಿಂದ ಹೊರಬಂದ ಮೊದಲ ಹಾಳೆ ನೋಡಿ, ಓ, ಅಜ್ಜಿ ಬದುಕವ್ಳೆ ಅನ್ನಿ, ನಾನು ಆಗ್ಲೇ ಅಂದ್ಕಂಡಿದ್ದೆ, ಕಾಗೆ ಬಡುದ್ಮೇಲೆ ಎದ್ದು ಬರ್ಲೇಬೇಕಲ್ಲ ಎಂದರು. ಅಂಗಡಿಯ ಗಾಜಿಗೆ ಒಂದು ಹಾಳೆಯನ್ನು ಅವರೇ ಅಂಟಿಸಿಕೊಂಡರು. ಆ ದಿನ ನನಗೆ ಸಿಕ್ಕ ಮೊದಲ ಸಮಾಧಾನ ಅದು. ಮೈಸೂರಿನಲ್ಲಿ ನಾಲ್ಕು ಸಲ ಬಿಡಿಸಿ ಹೇಳಿದರೂ ಅರ್ಥವಾಗದ್ದು ಇಲ್ಲಿ ಹೇಳುವ ಮುಂಚೆಯೇ ಅರ್ಥವಾಗಿತ್ತು.

ಚಪ್ಪರದಲ್ಲಿ ಹಾಳೆಗಳ ಕಟ್ಟು ಇಳಿಸಿದೆ. ಎಲ್ಲರೂ ಕೈ ತೊಳೆದು ಬಂದರು. ಸುಳ್ಳು ಸುದ್ದಿಗೆ ಎಲ್ಲರೂ ಕೂಡಿಕೊಂಡಿದ್ದೆವು, ನಿಜವನ್ನು ಮುಟ್ಟಿಸುವುದೂ ಎಲ್ಲರ ಪಾಲಿನ ಕೆಲಸ ಎಂಬುದು ಅವರಿಗೆ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಎಚ್.ಡಿ. ಕೋಟೆಯಲ್ಲಿ ತವರಿದ್ದವಳು ಅಲ್ಲಿಗೆ ನಾಲ್ಕು ಹಾಳೆ ತೆಗೆದುಕೊಂಡಳು. ಪಿರಿಯಾಪಟ್ಟಣಕ್ಕೆ ನನ್ನ ಅಣ್ಣನ ಹೆಂಡತಿ ಒಯ್ದಳು. ಬಸ್ ಸ್ಟ್ಯಾಂಡಿನ ಹಣ್ಣಿನಂಗಡಿಯ ಮುಂದೆ ಅಂಟಿಸಿ ಫೋಟೋ ಕಳಿಸಿದಳು. ಗುರುಪುರದ ಟೀ ಅಂಗಡಿಗೆ, ಬಿಳಿಕೆರೆಯಲ್ಲಿ ಅಕ್ಕನ ಮನೆ ಎದುರಿನ ಗೋಡೆಗೆ, ಗಾವಡಗೆರೆಯ ಹಿಟ್ಟಿನ ಗಿರಣಿಗೆ ಒಂದೊಂದು. ಗಿರಣಿಯ ಹಾಳೆ ಎರಡೇ ದಿನಕ್ಕೆ ರಾಗಿ ಹಿಟ್ಟು ಕೂತು ಬೆಳ್ಳಗಾಯಿತು, ಇನ್ನೊಂದು ಕೊಟ್ಟೆ. ಇದೇನು ಎಲೆಕ್ಷನ್ನೇ ಎಂದು ನನ್ನ ಗಂಡ ನಕ್ಕರು. ಆಮೇಲೆ ಅವರೇ ಸ್ಕೂಟರಿಗೆ ಮೈದಾ ಅಂಟಿನ ಬಕೆಟು ನೇತುಹಾಕಿಕೊಂಡು ಹೊರಟರು.

ಉಳಿದದ್ದು ಕೆ.ಆರ್. ನಗರ. ಅದಕ್ಕೆ ಅತ್ತೆಯೇ ಹೊರಟರು. ಬೇಡ, ಮಳೆ ಹಿಡಿದಿದೆ, ಕಾಲು ನೋವು ಎಂದು ನಾವೆಲ್ಲ ಹೇಳಿದೆವು. ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆಸಿ ಉಟ್ಟು ಆಗಲೇ ಜಗಲಿಗೆ ಬಂದಿದ್ದರು.

ಸಂಜೆ ಹಾಲು ಅಳೆಯುವ ಹೊತ್ತಿಗೆ ಸರಿಯಾಗಿ ಡೇರಿಯ ಮುಂದೆ ಇಳಿದೆವು. ಕ್ಯಾನು ಹಿಡಿದವರ ಸಾಲಿನಲ್ಲಿ ಚಿಕ್ಕತ್ತೆಯೂ ಇದ್ದರು. ಅಕ್ಕನನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದರು, ಆಮೇಲೆ ಏನೋ ನೆನಪಾದವರಂತೆ ಅಲ್ಲೇ ನಿಂತರು. ಎರಡನೇ ಸುದ್ದಿ ಇನ್ನೂ ತಲುಪಿಲ್ಲವಲ್ಲ. ನಾನು ಬೇಗಬೇಗ ಡೇರಿಯ ಗೋಡೆಗೆ ಹಾಳೆ ಅಂಟಿಸಿದೆ. ಯಾರೋ ಗಟ್ಟಿಯಾಗಿ ಓದಿದರು. ಎರಡನೇ ಮನೆ ಓದಿ ಮೂರನೆಯದಕ್ಕೆ ಬರುವಷ್ಟರಲ್ಲಿ ಅತ್ತೆ ಅವರನ್ನು ತಡೆದು, ತಂಗಿಯ ಮುಂದೆ ಹೋಗಿ ನಿಂತು, ತಲೆಯಿಂದ ಕಾಲಿನವರೆಗೆ ನೋಡಿದರು.

"ಇಷ್ಟೇನೇ ಅತ್ತಿದ್ದು? ಕಣ್ಣೇ ಊದಿಲ್ವಲ್ಲೇ ನಿಂದು."

"ಅತ್ತು ವಾರ ಆಯ್ತು ಕಣಕ್ಕ, ಊದಿದ್ದು ಇಳುದೋಯ್ತು. ತಡ್ವಾಗಿ ಬಂದು ನನ್ನ ಬೈತಾ ಇದ್ದೀಯೆ."

ಸಾಲಿನವರೆಲ್ಲ ನಕ್ಕರು. ಅಂದು ಸಮಾಧಾನ ಮಾಡಿದ್ದ ನಾಲ್ವರಲ್ಲಿ ಒಬ್ಬರು, ಹಾಗಾದರೆ ನಾವು ಸಮಾಧಾನ ಮಾಡಿದ್ದು ದಂಡವೇ ಎಂದು ಕೇಳಿದರು. ಅಕ್ಕ ತಂಗಿ ಒಬ್ಬರ ಭುಜಕ್ಕೆ ಒಬ್ಬರು ಗುದ್ದುತ್ತ, ಗುದ್ದುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ರಾತ್ರಿಯ ಊಟಕ್ಕೆ ಅತ್ತೆ ಎರಡು ಮುದ್ದೆ ಉಂಡರು.

ಅಂದಿನಿಂದ ನಾನು ನಿಲ್ಲಿಸಿಲ್ಲ. ದಿನಾ ಮೂರು ಮನೆ ಬರೆಯುತ್ತೇನೆ, ಚಪ್ಪರದಲ್ಲಿ ಓದುತ್ತೇನೆ, ನಮ್ಮೂರ ಡೇರಿಯ ಗೋಡೆಗೆ ಅಂಟಿಸುತ್ತೇನೆ. ಹಾಲು ಹಾಕಲು ಬಂದವರು ಫೋಟೋ ತೆಗೆದು ತಮ್ಮ ತಮ್ಮ ನೆಂಟರಿಗೆ ಕಳಿಸುತ್ತಾರೆ. ಅವು ಎಲ್ಲೆಲ್ಲಿಗೆ ಹೋಗುತ್ತವೋ ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಹೇಳುವುದಿಷ್ಟೇ: ಅಜ್ಜಿ ಯಾರದು ಎಂಬ ವ್ಯಾಜ್ಯ ಇದ್ದರೆ ಬಂದು ಚಪ್ಪರದಲ್ಲಿ ಕೂತು ಬಗೆಹರಿಸಿಕೊಳ್ಳಿ, ಕೂರಲು ಚಾಪೆ ಹಾಕುತ್ತೇವೆ, ಕಟ್ಟಲು ಸೊಪ್ಪೂ ಕೊಡುತ್ತೇವೆ.

ತಿಂಗಳ ಹಿಂದೆ ಮೈಸೂರಿನಿಂದ ಸಂಪಾದಕರ ಫೋನು ಬಂತು. ನಾನು ಕೊಟ್ಟಿಗೆಯಲ್ಲಿದ್ದೆ, ಅತ್ತೆ ತೆಗೆದುಕೊಂಡರು. ಸ್ಪೀಕರ್ ಒತ್ತಿಕೊಂಡೇ ಮಾತಾಡುವುದು ಅವರ ರೂಢಿ, ಹಾಗಾಗಿ ಎರಡೂ ಕಡೆಯದು ಕೇಳಿಸಿತು. ಮೇಡಂ ಇದ್ದಾರಾ, ತಾವು ಯಾರು ಮಾತಾಡುತ್ತಿರುವುದು ಎಂದು ಅವರು ವಿನಯದಿಂದಲೇ ಕೇಳಿದರು.

"ನೀವು ಸಾಯ್ಸುದ್ರಲ್ಲ ಸ್ವಾಮಿ, ಅವ್ಳೇ ಕಣ್ರಪ್ಪ ನಾನು."

ನಾನು ಕೈ ಒರೆಸಿಕೊಂಡು ಓಡಿಬಂದೆ. ಅತ್ತೆ ಫೋನು ಕೊಡಲಿಲ್ಲ, ಕೈ ಅಡ್ಡ ಹಿಡಿದರು. ಸಂಪಾದಕರು ಹೇಳಿದ್ದರ ಸಾರ ಇಷ್ಟು: ಓದುಗರು ಕೇಳುತ್ತಿದ್ದಾರೆ, ಅಜ್ಜಿ ಮತ್ತೆ ಬರಬಹುದು, ಮುಂದಿನ ತಿಂಗಳಿಂದ ಹೊಸದಾಗಿ ಶುರು ಮಾಡೋಣ, ಆದದ್ದನ್ನು ಮರೆತುಬಿಡೋಣ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು. ಹೊಸದಾಗಿ ಶುರು ಮಾಡಲು ನಾನೇನು ಹೊಸದಾಗಿ ಹುಟ್ಟಿಲ್ಲ, ಏಳಬೇಕಾದ ದಿನ ನೀವು ಏಳಲು ಬಿಡಲಿಲ್ಲ, ಮೊದಲು ಆ ದಿನದ್ದು ಹಾಕಿ, ಆಮೇಲೆ ಮುಂದಿನ ಮಾತು ಎಂದರು. ಸೊಸೆಯ ಅಭಿಪ್ರಾಯವನ್ನೂ ಕೇಳಬಹುದೇ ಎಂದು ಅವರು ಕೇಳಿದಾಗ ಅತ್ತೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವ್ಳದ್ದೂ ಅದೇಯ ಎಂದು ಹೇಳಿ ಇಟ್ಟರು.

ಹೌದು, ನನ್ನದೂ ಅದೇ. ಬಣ್ಣ ಬೇಡ, ಅರ್ಧ ಪುಟ ಬೇಡ, ಆ ಬೆಕ್ಕನ್ನು ಓಡಿಸುವುದೂ ಬೇಡ, ಪಕ್ಕದಲ್ಲೇ ಕೂತಿರಲಿ. ನಾಲ್ಕನೇ ದಿನದ ಮೂರು ಮನೆಯನ್ನು ಒಂದಕ್ಷರ ತಿದ್ದದೆ, ಅತ್ತವರೆಲ್ಲರಿಗೂ ಕಾಣುವಂತೆ, ಅದೇ ಪತ್ರಿಕೆಯ ಅದೇ ಜಾಗದಲ್ಲಿ ಅಚ್ಚು ಮಾಡಬೇಕು. ಅಲ್ಲಿಯವರೆಗೆ ನನ್ನಿಂದ ಒಂದು ಗೆರೆಯೂ ಮೈಸೂರಿಗೆ ಹೋಗುವುದಿಲ್ಲ. ಇದನ್ನು ಬರೆಯುವ ಹೊತ್ತಿಗೆ ಅಚ್ಚಾಗಿಲ್ಲ. ಅವರಿಗೆ ಅವಸರವಿಲ್ಲದಿದ್ದರೆ ನಮಗೂ ಇಲ್ಲ. ಇವತ್ತಿನ ಚಿತ್ರಕ್ಕೆ ಚಪ್ಪರದಲ್ಲಿ ನಕ್ಕಿದ್ದಾರೆ, ಮಳೆ ಸ್ವಲ್ಪ ಹೊಳವಾಗಿದೆ, ಅಂಟು ಕಲಸಿಟ್ಟಿದ್ದೇನೆ. ಸಂಜೆಯ ಹಾಲಿಗೆ ಜನ ಬರುವ ಮುಂಚೆ ಡೇರಿಗೆ ಹೋಗಬೇಕು.